ಉಸಿರುಗಟ್ಟಿಸುವ ಬೆಟ್ಟದ ಆಶ್ರಯದಲ್ಲಿ

ದಕ್ಷಿಣ ಅಟ್ಲಾಂಟಿಕ್ ಸಾಗರದ ಝವಡೋವ್‌ಸ್ಕಿ ದ್ವೀಪದ ನಕ್ಷೆಯಲ್ಲಿ ಇರುವ ಸ್ಥಳನಾಮಗಳು ಕೆಲವೇ. ಅವುಗಳಲ್ಲಿ ಹಲವು ಮೂಗಿಗೆ ಸಂಬಂಧಪಟ್ಟವು. ಸ್ಟೆಂಚ್ ಪಾಯಿಂಟ್ ಎಂದರೆ ದುರ್ನಾತದ ಭೂಶಿರ. ಆಕ್ರಿಡ್ ಪಾಯಿಂಟ್ ಎಂದರೆ ಘಾಟಿನ ಭೂಶಿರ. ನಡುವೆ ಸುಮಾರು 550 ಮೀಟರ್ ಎತ್ತರಕ್ಕೆ ನಿಂತಿರುವ ಜ್ವಾಲಾಮುಖಿಗೆ ಮೌಂಟ್ ಕರಿ ಎಂಬ ಹೆಸರಿನ ಜೊತೆಗೆ ಅಸ್ಫಿಕ್ಸಿಯಾ, ಅಂದರೆ ಉಸಿರುಗಟ್ಟುವಿಕೆ ಎಂಬ ಹೆಸರೂ ಉಂಟು. ಕೆರೆ, ಮರ, ದೈವಗಳನ್ನು ನೆನೆದು ಊರುಗಳಿಗೆ ಹೆಸರಿಟ್ಟ ಜನ ನಾವು. ನೆಲೆಸಿದವರು ಇಡುವ ಹೆಸರಿಗೂ ಬಂದು ಹಿಂತಿರುಗಿದವರು ಇಡುವ ಹೆಸರಿಗೂ ಇರುವ ಅಂತರ ಇಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

1775ರಲ್ಲಿ ಕ್ಯಾಪ್ಟನ್ ಜೇಮ್ಸ್ ಕುಕ್ ಈ ದ್ವೀಪಸಾಲಿನ ದಕ್ಷಿಣ ಭಾಗವನ್ನು ಕಂಡು, ಲಾರ್ಡ್ ಸ್ಯಾಂಡ್‌ವಿಚ್ಚನ ಹೆಸರನ್ನಿಟ್ಟನು. ಅದು ದ್ವೀಪಗಳ ಗುಂಪೋ, ಖಂಡವೊಂದರ ಅಂಚೋ ಎಂಬುದು ಅವನಿಗೆ ನಿರ್ಧಾರವಾಗಲಿಲ್ಲ. ಉತ್ತರದ ಮೂರು ದ್ವೀಪಗಳು ಅವನ ಕಣ್ಣಿಗೆ ಬೀಳಲೂ ಇಲ್ಲ. ಅವನ್ನು ಕಂಡವನು ರಷ್ಯಾದ ನೌಕಾಧಿಕಾರಿ ಬೆಲಿಂಗ್ಸ್‌ಹೌಸೆನ್. ಅಂದಿನ ರಷ್ಯನ್ ಪಂಚಾಂಗದಂತೆ ಅದು 1819ರ ಡಿಸೆಂಬರ್ ತಿಂಗಳು. ಅವನ ವೋಸ್ಟೊಕ್ ಹಡಗಿನಲ್ಲಿದ್ದ ಅಧಿಕಾರಿ ಇವಾನ್ ಝವಡೋವ್‌ಸ್ಕಿಯ ಹೆಸರು ಹೊಗೆಯಾಡುತ್ತಿದ್ದ ಈ ದ್ವೀಪಕ್ಕೆ ಬಂದಿತು. ದಡಕ್ಕಿಳಿದ ಸಣ್ಣ ತಂಡಕ್ಕೆ ಎದುರಾದದ್ದು ಪೆಂಗ್ವಿನ್‌ಗಳ ಸಂತೆ. ಮನುಷ್ಯರನ್ನು ಕಂಡರೂ ಅವು ದಾರಿ ಬಿಡಲಿಲ್ಲ. ದುರ್ವಾಸನೆ ತಾಳಲಾರದೆ ಬಂದವರು ಬೇಗನೆ ಹಡಗಿಗೆ ಮರಳಿದರು.

ಹೀಗೆ ಮೂಗು ಮುಚ್ಚಿಕೊಂಡು ಮರಳಿದ್ದರ ಬೆಲೆ ತಿಳಿಯಬೇಕಾದರೆ, ವಾಯವ್ಯಕ್ಕೆ ಸುಮಾರು 550 ಕಿಲೋಮೀಟರ್ ದೂರವಿರುವ ಸೌತ್ ಜಾರ್ಜಿಯಾದ ಕಡೆ ನೋಡಬೇಕು. ಅಲ್ಲಿ ಸುರಕ್ಷಿತವಾದ ಕೊಲ್ಲಿಗಳಿದ್ದವು. ಕುಕ್ ತನ್ನ ಪ್ರವಾಸಕಥನದಲ್ಲಿ ಅಲ್ಲಿಯ ಸೀಲ್‌ಗಳ ವಿಷಯ ಬರೆದದ್ದೇ ತಡ, ಬೇಟೆಗಾರರ ಹಡಗುಗಳು ಬಂದವು. 1800-01ರ ಒಂದೇ ಋತುವಿನಲ್ಲಿ ಅಸ್ಪೇಸಿಯಾ ಎಂಬ ಅಮೆರಿಕನ್ ಹಡಗು 57,000 ತುಪ್ಪಳದ ತೊಗಲುಗಳನ್ನು ಕೊಂಡೊಯ್ದಿತು. 1904ರಲ್ಲಿ ನಾರ್ವೆಯ ಸಿ. ಎ. ಲಾರ್ಸೆನ್ ಅಲ್ಲಿಯ ಗ್ರಿಟ್‌ವಿಕೆನ್‌ನಲ್ಲಿ ತಿಮಿಂಗಿಲ ಬೇಟೆಯ ಕೇಂದ್ರವನ್ನು ಸ್ಥಾಪಿಸಿದನು. ಮುಂದಿನ ಆರು ದಶಕಗಳಲ್ಲಿ ಆ ದ್ವೀಪದ ಕೇಂದ್ರಗಳಲ್ಲಿ ಸುಮಾರು 1,75,000 ತಿಮಿಂಗಿಲಗಳು ಎಣ್ಣೆಯಾಗಿ ಕರಗಿದವು.

ಅದೇ ಲಾರ್ಸೆನ್ 1908ರಲ್ಲಿ ಝವಡೋವ್‌ಸ್ಕಿಗೂ ಬಂದನು. ಜ್ವಾಲಾಮುಖಿಯ ಅನಿಲವನ್ನು ಕುಡಿದು ಕಾಯಿಲೆ ಬಿದ್ದು ಹಿಂತಿರುಗಿದನು. ಸೀಲ್ ಬೇಟೆಗಾರರು ಈ ದ್ವೀಪಸಾಲಿಗೂ ಬಾರದೆ ಇರಲಿಲ್ಲ. ಆದರೆ ಹಡಗಿಗೆ ಆಸರೆಯಾಗುವ ಬಂದರಿಲ್ಲದ, ಅಲೆಗಳು ಕಡಿದಾದ ಬಂಡೆಗಳಿಗೆ ಅಪ್ಪಳಿಸುವ, ಗಂಧಕದ ಘಾಟು ತುಂಬಿದ ಈ ನೆಲದಲ್ಲಿ ಯಾರೂ ಗ್ರಿಟ್‌ವಿಕೆನ್ ಕಟ್ಟಲಿಲ್ಲ. ನಕ್ಷೆಯ ಮೇಲೆ ದೂರಿನಂತೆ ಉಳಿದಿರುವ ಹೆಸರುಗಳು ಪೆಂಗ್ವಿನ್‌ಗಳ ಪಾಲಿಗೆ ಕೋಟೆಯ ಗೋಡೆಗಳಾಗಿದ್ದವು ಎಂದು ನಮಗೆ ತೋರುತ್ತದೆ.

ಸುಮಾರು ಐದು ಕಿಲೋಮೀಟರ್ ಅಗಲದ ಈ ನೆಲದಲ್ಲಿ ಹತ್ತು ಲಕ್ಷಕ್ಕೂ ಮಿಕ್ಕಿ ಚಿನ್‌ಸ್ಟ್ರಾಪ್ ಪೆಂಗ್ವಿನ್‌ಗಳು ಸಂತಾನಕ್ಕಾಗಿ ಸೇರುತ್ತವೆ. ಗಲ್ಲದ ಕೆಳಗೆ ಕಪ್ಪು ದಾರ ಕಟ್ಟಿದಂತಹ ಗೆರೆ ಅವುಗಳ ಗುರುತು. ಅವು ಇಲ್ಲಿಗೇ ಬರಲು ಕಾರಣವೂ ಆ ಬೆಟ್ಟವೇ. ಒಡಲಿನ ಬಿಸಿಯಿಂದ ಹಿಮ ನಿಲ್ಲದೆ ಕರಗುವ ಇಳಿಜಾರು, ಬೆಣಚುಕಲ್ಲುಗಳನ್ನು ಜೋಡಿಸಿ ಮೊಟ್ಟೆಯಿಡಲು ತಕ್ಕ ಒಣನೆಲ. ಆಶ್ರಯ ಕೊಟ್ಟ ಬೆಟ್ಟ ಸದಾ ಸೌಮ್ಯವಾಗಿಯೇನೂ ಇರುವುದಿಲ್ಲ. 2016ರಲ್ಲಿ ಅದು ಸ್ಫೋಟಿಸಿ ದ್ವೀಪದ ದೊಡ್ಡ ಭಾಗದ ಮೇಲೆ ಬೂದಿ ಸುರಿಯಿತು. ಹಕ್ಕಿಗಳು ಗರಿ ಉದುರಿಸುವ ಕಾಲವದು. ಹೊಸ ಗರಿ ಮೂಡುವವರೆಗೆ ಅವು ಕಡಲಿಗಿಳಿದು ಪಾರಾಗಲಾರವು.

ಇಂತಹ ಅಪಾಯಗಳ ನಡುವೆಯೇ ಅವು ಬಾಳುತ್ತ ಬಂದಿವೆ. ಇಂದಿನ ಅಪಾಯದ ಬಗೆ ಬೇರೆ. ಈ ಹಕ್ಕಿಗಳ ಮುಖ್ಯ ಆಹಾರ ಕ್ರಿಲ್ ಎಂಬ ಸಣ್ಣ ಸಿಗಡಿಯಂತಹ ಜೀವಿ. ದಕ್ಷಿಣ ಸಾಗರದಲ್ಲಿ ಅದನ್ನು ಬಾಚುವ ಹಡಗುಗಳಿಗಾಗಲಿ, ಬಿಸಿಯೇರುತ್ತಿರುವ ನೀರಿಗಾಗಲಿ ಘಾಟಿನ ಭೂಶಿರದಲ್ಲಿ ಇಳಿಯುವ ಅಗತ್ಯವಿಲ್ಲ. 2012ರಲ್ಲಿ ಈ ದ್ವೀಪಗಳ ಸುತ್ತಣ ಹತ್ತು ಲಕ್ಷ ಚದರ ಕಿಲೋಮೀಟರಿಗೂ ಹೆಚ್ಚಿನ ಕಡಲನ್ನು ಸಂರಕ್ಷಿತ ಪ್ರದೇಶವೆಂದು ಘೋಷಿಸಿದ್ದು ಆ ಕಾರಣದಿಂದ ಮಹತ್ವದ ಸಂಗತಿ. ಇನ್ನೂರು ವರ್ಷ ಒಂದು ಬೆಟ್ಟದ ದುರ್ನಾತ ಮಾಡಿದ ಕೆಲಸವನ್ನು ಇನ್ನು ಮೇಲೆ ಮನುಷ್ಯರ ಕಾನೂನು ಮಾಡಬೇಕಾಗಿದೆ. ಬೆಟ್ಟದಷ್ಟು ನಿಷ್ಠುರವಾಗಿ ನಾವು ಅದನ್ನು ಪಾಲಿಸಬಲ್ಲೆವೆ ಎಂಬುದು ಮುಂದಿನ ಇತಿಹಾಸದ ಪ್ರಶ್ನೆ.