ಮೊದಲ ಕ್ಯಾಮೆರಾ ಯಾವುದು? ಕೊಕ್ಕರೆ ಬೆಳ್ಳೂರಿನ ಹುಣಸೆಮರ ಹೇಳುವ ಇತಿಹಾಸ

ಈ ವಾರದ ಆಡಿಯೋ ಸಂಚಿಕೆಯ ಬರಹ ರೂಪ ಇಲ್ಲಿದೆ. ಕೇಳೋಕೆ ಟೈಮ್ ಇಲ್ಲದವರು ಓದಿಕೊಳ್ಳಬಹುದು.

ಇವತ್ತು ತುಂಬಾ ಜನ ಕೇಳೋ ಒಂದು ಪ್ರಶ್ನೆ ತಗೊಳ್ಳೋಣ. "ಮೊದಲ ಸಲ ಕ್ಯಾಮೆರಾ ತಗೋತಿದ್ದೀನಿ. ಹಕ್ಕಿ, ಪ್ರಾಣಿಗಳ ಫೋಟೊನೂ ತೆಗೀಬೇಕು, ಮನೆಯವರ ಫೋಟೊನೂ ಚೆನ್ನಾಗಿ ಬರಬೇಕು. ಯಾವುದು ತಗೊಳ್ಳಲಿ?"

ಅಂಗಡಿಯಲ್ಲಿ ಕೇಳಿದ್ರೆ ಮೆಗಾಪಿಕ್ಸೆಲ್ ಲೆಕ್ಕ ಹೇಳ್ತಾರೆ. ಫ್ರೆಂಡ್ಸ್ ಕೇಳಿದ್ರೆ ತಾವು ತಗೊಂಡಿರೋ ಬ್ರ್ಯಾಂಡ್ ಹೆಸರು ಹೇಳ್ತಾರೆ. ನಾವು ಇವತ್ತು ಇತಿಹಾಸವನ್ನ ಕೇಳೋಣ. ಅದೂ ಮಂಡ್ಯ ಜಿಲ್ಲೆಯ ಇತಿಹಾಸ. ಯಾಕಂದ್ರೆ ಹಕ್ಕಿ ಮತ್ತು ಮನೆ ಒಂದೇ ಅಂಗಳದಲ್ಲಿ ಇರೋ ಊರು ಇದೇ ಜಿಲ್ಲೆಯಲ್ಲಿದೆ.

ತವರಿಗೆ ಬರುವ ಹಕ್ಕಿಗಳು

ಬೆಂಗಳೂರಿನಿಂದ ಮೈಸೂರಿಗೆ ಹೋಗುವ ಹಳೇ ರಸ್ತೆಯಲ್ಲಿ ಚನ್ನಪಟ್ಟಣ ದಾಟಿ, ಮದ್ದೂರು ಸಿಗೋದಕ್ಕೆ ಮುಂಚೆ ರುದ್ರಾಕ್ಷಿಪುರ ಅಂತ ಬರುತ್ತೆ. ಅಲ್ಲಿ ತಿರುಗಿದರೆ ಸುಮಾರು 12 ಕಿಲೋಮೀಟರ್ ಒಳಗೆ ಕೊಕ್ಕರೆ ಬೆಳ್ಳೂರು. ಮದ್ದೂರು ತಾಲ್ಲೂಕಿನ ಊರು, ಹತ್ತಿರದಲ್ಲೇ ಶಿಂಷಾ ನದಿ. ಚಳಿಗಾಲ ಮುಗಿಯುವ ಹೊತ್ತಿಗೆ ಇಲ್ಲಿನ ಹುಣಸೆ, ಅರಳಿ, ಅತ್ತಿ ಮರಗಳ ಮೇಲೆ ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ. ಮರಗಳು ಕಾಡಲ್ಲಿಲ್ಲ. ಮನೆ ಹಿತ್ತಲಲ್ಲಿ, ಬೀದಿ ಬದಿಯಲ್ಲಿ, ಕೊಟ್ಟಿಗೆ ಪಕ್ಕದಲ್ಲಿವೆ.

1916ರಲ್ಲಿ ಪ್ಲೇಗ್ ಬಂದಾಗ ನದಿ ದಡದಲ್ಲಿದ್ದ ಊರನ್ನು ಬಿಟ್ಟು ಜನ ಈಗಿನ ಜಾಗಕ್ಕೆ ಬಂದರು. ಅವರ ಹಿಂದೆಯೇ ಹಕ್ಕಿಗಳೂ ಬಂದವು ಅಂತ ಊರಿನ ಹಿರಿಯರು ಹೇಳುತ್ತಾ ಬಂದಿದ್ದಾರೆ. ಬಾಣಂತನಕ್ಕೆ ತವರಿಗೆ ಬರುವ ಹೆಣ್ಣುಮಕ್ಕಳಿದ್ದ ಹಾಗೆ ಈ ಹಕ್ಕಿಗಳು ಅನ್ನೋದು ಇಲ್ಲಿನ ಮಾತು. ಹಾಗಾಗಿ ಗೂಡಿರುವ ಮರದ ಹುಣಸೆಹಣ್ಣನ್ನು ಬಡಿಯದೆ ಬಿಟ್ಟವರೂ ಇದ್ದಾರೆ. ಆ ನಷ್ಟಕ್ಕೆ ಮುಂದೆ ಅರಣ್ಯ ಇಲಾಖೆ ಪರಿಹಾರ ಕೊಡುವ ಏರ್ಪಾಟು ಮಾಡಿತು.

ಹೊರಗಿನ ಪ್ರಪಂಚಕ್ಕೆ ಈ ಊರು ಚೆನ್ನಾಗಿ ಗೊತ್ತಾಗಿದ್ದು 1976ರಲ್ಲಿ, ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಇದನ್ನು ಗುರುತಿಸಿ ಬರೆದ ಮೇಲೆ. 1990ರ ದಶಕದಲ್ಲಿ ಮೈಸೂರು ಅಮೆಚ್ಯೂರ್ ನ್ಯಾಚುರಲಿಸ್ಟ್ಸ್ ತಂಡ ಊರವರ ಜೊತೆ ಸೇರಿ ಕೆಲಸ ಶುರು ಮಾಡಿತು. ಊರಿನ ಯುವಕರು 'ಹೆಜ್ಜಾರ್ಲೆ ಬಳಗ' ಕಟ್ಟಿಕೊಂಡರು. 2007ರಲ್ಲಿ ಇದು ಸಮುದಾಯ ಮೀಸಲು ಪ್ರದೇಶವಾಯಿತು.

ಸರಿ, ಇದಕ್ಕೂ ಕ್ಯಾಮೆರಾಗೂ ಏನು ಸಂಬಂಧ? ಇಲ್ಲಿ ಮನೆ ಬಾಗಿಲಲ್ಲಿ ನಿಂತ ಅಜ್ಜಿಯಿಂದ ಮರದ ಮೇಲಿನ ಗೂಡಿಗೆ ಇರುವ ದೂರ ಕೆಲವೇ ಅಡಿ. ಆದರೂ ಇಬ್ಬರ ಫೋಟೊನೂ ಚೆನ್ನಾಗಿ ತೆಗೆಯುವ ಕ್ಯಾಮೆರಾ ಸಾಮಾನ್ಯ ಮನೆಗೆ ಬರೋಕೆ ಬಹಳ ವರ್ಷ ಬೇಕಾಯ್ತು. ನನ್ನ ಪ್ರಕಾರ ಕ್ಯಾಮೆರಾದ ಇತಿಹಾಸ ಅಂದ್ರೆ ದೂರದ ಇತಿಹಾಸ.

ಹತ್ತು ಅಡಿಯ ಕಾಲ

ಮೊದಲು ಸ್ಟುಡಿಯೋ ಕಾಲ. ಕ್ಯಾಮೆರಾ ಮನೆಗೆ ಬರ್ತಿರಲಿಲ್ಲ, ಮನೆಯವರೇ ಕ್ಯಾಮೆರಾ ಇದ್ದಲ್ಲಿಗೆ ಹೋಗ್ತಿದ್ದರು. ಮಳವಳ್ಳಿ ಕಡೆಯ ಹಳ್ಳಿಯವರು ಗಾಡಿ ಕಟ್ಟಿಕೊಂಡೋ ಬಸ್ಸು ಹಿಡಿದೋ ಪೇಟೆಗೆ ಬರಬೇಕು. ಹಿಂದೆ ಬಣ್ಣದ ಪರದೆ, ಮುಂದೆ ಕುರ್ಚಿ, ಪಕ್ಕದಲ್ಲಿ ಹೂವಿನ ಕುಂಡ. "ಅಲ್ಲಾಡಬೇಡಿ" ಅಂದ ತಕ್ಷಣ ಎಲ್ಲರೂ ಕಂಬದ ಹಾಗೆ ನಿಲ್ಲಬೇಕು. ಹಳೇ ಫೋಟೊಗಳಲ್ಲಿ ಯಾರೂ ನಗದೆ ಇರೋದು ಯಾಕೆ ಅಂತ ಕೇಳ್ತೀರಲ್ಲ, ಒಂದು ಕಾರಣ ಇದು.

ಆಮೇಲೆ 1960, 70ರ ದಶಕದಲ್ಲಿ ಆಗ್ಫಾ ಕ್ಲಿಕ್ 3 ಅನ್ನೋ ಪುಟ್ಟ ಕರಿ ಡಬ್ಬಿ ಬಂತು. ಬರೋಡಾದಲ್ಲಿ ತಯಾರಾಗ್ತಿತ್ತು. ತುಂಬಾ ಮನೆಗಳ ಮೊದಲ ಕ್ಯಾಮೆರಾ ಇದೇ. ಒಂದು ರೋಲಿಗೆ 12 ಚೌಕ ಫೋಟೊ. ಫೋಕಸ್ ಮಾಡೋ ಗೋಜೇ ಇಲ್ಲ, ಸುಮಾರು ಹತ್ತು ಅಡಿ ದೂರ ನಿಂತು ಒತ್ತಬೇಕು, ಅಷ್ಟೇ. ಬಿಸಿಲು ಇದ್ದರೆ ಚೆನ್ನ. ಊಟಿಯಲ್ಲಿ 1960ರಲ್ಲಿ ಶುರುವಾದ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್‌ನ 'ಇಂದು' ಕಪ್ಪು-ಬಿಳುಪು ಫಿಲ್ಮೂ ಸಿಗ್ತಿತ್ತು.

12 ಅಂದ್ರೆ ಯೋಚನೆ ಮಾಡಿ. ಈಗ ನಾವು ಒಂದು ಕಾಫಿಗೆ 12 ಫೋಟೊ ತೆಗೀತೀವಿ. ಆಗ ಅದು ಒಂದು ಮದುವೆ, ಒಂದು ನಾಮಕರಣ, ಊರಹಬ್ಬ ಎಲ್ಲಕ್ಕೂ ಸೇರಿ. ಫಿಲ್ಮಿಗೆ ದುಡ್ಡು, ತೊಳೆಯೋಕೆ ದುಡ್ಡು, ಪ್ರಿಂಟಿಗೆ ದುಡ್ಡು. ಹಕ್ಕಿಗೆ ಅಂತ ಒಂದು ಫೋಟೊ ಖರ್ಚು ಮಾಡೋಕೆ ಯಾರಿಗೆ ಧೈರ್ಯ ಬರುತ್ತೆ?

1980, 90ರ ದಶಕದಲ್ಲಿ ಹಾಟ್ ಶಾಟ್, ಯಾಶಿಕಾ ಎಂಎಫ್-2, ಕೊಡಾಕ್ ಕೆಬಿ-10 ಬಂದವು. ಬಣ್ಣ ಬಂತು, ಯಾಶಿಕಾದಂಥ ಕ್ಯಾಮೆರಾದಲ್ಲಿ 36 ಫೋಟೊ ಬಂತು, ಫ್ಲ್ಯಾಶ್ ಬಂತು. ಆದರೆ ದೂರ ಬದಲಾಗಲಿಲ್ಲ. ಒಂದು ಸಣ್ಣ ಲೆಕ್ಕ ನೋಡಿ. ಯಾಶಿಕಾದ 38 ಎಂಎಂ ಲೆನ್ಸ್ ನೂರು ಅಡಿ ದೂರದಲ್ಲಿ ಸುಮಾರು 95 ಅಡಿ ಅಗಲದ ದೃಶ್ಯ ಹಿಡಿಯುತ್ತೆ. ಹೆಜ್ಜಾರ್ಲೆಯ ಉದ್ದ ನಾಲ್ಕೂವರೆ ಅಡಿ ಅಂತ ಇಟ್ಕೊಳ್ಳಿ. ಫೋಟೊದಲ್ಲಿ ಅದು ಇಪ್ಪತ್ತರಲ್ಲಿ ಒಂದು ಪಾಲು. "ಇಲ್ನೋಡು, ಈ ಬಿಳಿ ಚುಕ್ಕೆ ಇದ್ಯಲ್ಲ, ಅದೇ ಹಕ್ಕಿ" ಅಂತ ಬೆರಳಿಟ್ಟು ತೋರಿಸಬೇಕು.

ದೂರವನ್ನು ಗೆದ್ದವರು

ಹಾಗಾದ್ರೆ ಆಗ ಹಕ್ಕಿ ಫೋಟೊ ಯಾರೂ ತೆಗೀತಿರಲಿಲ್ವಾ? ತೆಗೀತಿದ್ದರು. ಉತ್ತರ ಭಾರತದಲ್ಲಿ ಎಫ್.ಡಬ್ಲ್ಯು. ಚಾಂಪಿಯನ್ ಅನ್ನೋ ಅರಣ್ಯಾಧಿಕಾರಿ ಹುಲಿ ಓಡಾಡುವ ದಾರಿಯಲ್ಲಿ ತಂತಿ ಕಟ್ಟಿ, ಹುಲಿಯೇ ತನ್ನ ಫೋಟೊ ತಾನೇ ತೆಗೆದುಕೊಳ್ಳೋ ಹಾಗೆ ಮಾಡಿದ್ದರು. 1927ರಲ್ಲಿ ಅವರ ಪುಸ್ತಕ ಬಂತು. ನಮ್ಮಲ್ಲಿ ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್, ಸಂಡೂರಿನ ಎಂ.ವೈ. ಘೋರ್ಪಡೆ ಅವರಂಥವರು ವನ್ಯಜೀವಿ ಛಾಯಾಗ್ರಹಣಕ್ಕೆ ದೊಡ್ಡ ಹೆಸರು ತಂದರು. ಮೂಡಿಗೆರೆಯಲ್ಲಿ ಪೂರ್ಣಚಂದ್ರ ತೇಜಸ್ವಿ ಕಾದಂಬರಿ ಬರೆಯುತ್ತಲೇ ಹಕ್ಕಿಗಳ ಹಿಂದೆ ಕ್ಯಾಮೆರಾ ಹಿಡಿದು ಅಲೆದರು.

ಹಕ್ಕಿ ಫೋಟೊಗೆ ಆಗ ಎರಡೇ ದಾರಿ. ಒಂದು, ಉದ್ದದ ಟೆಲಿ ಲೆನ್ಸ್. ಅದು ದುಬಾರಿ, ಹೊರದೇಶದಿಂದ ಬರಬೇಕು. ಎರಡನೆಯದು, ಮರೆ. ಬಟ್ಟೆ, ಸೊಪ್ಪು ಕಟ್ಟಿ ಸಣ್ಣ ಗುಡಿಸಲಿನಂಥ 'ಹೈಡ್' ಮಾಡಿ, ಅದರೊಳಗೆ ಗಂಟೆಗಟ್ಟಲೆ ಅಲ್ಲಾಡದೆ ಕೂರೋದು. ಇದಕ್ಕೆ ದುಡ್ಡಿಗಿಂತ ತಾಳ್ಮೆ ಬೇಕು, ಹಕ್ಕಿಯ ಸ್ವಭಾವ ಗೊತ್ತಿರಬೇಕು.

ಹೀಗೆ ಎರಡು ಪ್ರಪಂಚ ಬೇರೆ ಬೇರೆ ಆದವು. ಮನೆ ಫೋಟೊ ಜನಸಾಮಾನ್ಯರದ್ದು, ಹಕ್ಕಿ ಫೋಟೊ ಲೆನ್ಸ್ ಇದ್ದವರದ್ದು. ಮಂಡ್ಯ ಜಿಲ್ಲೆಯದೇ ಆದ ರಂಗನತಿಟ್ಟು, ಸಲೀಂ ಅಲಿ ಅವರ ಒತ್ತಾಸೆಯಿಂದ 1940ರಲ್ಲೇ ಪಕ್ಷಿಧಾಮವಾಗಿತ್ತು. ಆದರೂ ಅಲ್ಲಿಗೆ ಹೋದ ಸಾಮಾನ್ಯ ಕುಟುಂಬದ ಆಲ್ಬಮ್ಮಿನಲ್ಲಿ ಸಿಗೋದು ದೋಣಿಯಲ್ಲಿ ಕೂತ ಚಿಕ್ಕಪ್ಪ, ಚಿಕ್ಕಮ್ಮನ ಫೋಟೊ. ಹಕ್ಕಿ ಹಿಂದೆ ಎಲ್ಲೋ ಚುಕ್ಕೆ.

ಹತ್ತಿರ ಹೋದರೆ ಏನಾಗುತ್ತೆ?

ಡಿಜಿಟಲ್ ಬಂದ ಮೇಲೆ ಎಲ್ಲ ಸಲೀಸಾಯ್ತು. 2000ದ ದಶಕದಲ್ಲಿ ಕೈಗೆಟುಕುವ ಡಿಎಸ್‌ಎಲ್‌ಆರ್‌ಗಳು, 2015ರಲ್ಲಿ ನಿಕಾನ್ ಪಿ900ನಂಥ 83 ಪಟ್ಟು ಜೂಮ್ ಇರುವ ಕ್ಯಾಮೆರಾ, ಈಗ ಎಲ್ಲರ ಜೇಬಲ್ಲೂ ಫೋನ್. ಫಿಲ್ಮಿನ ಖರ್ಚಿಲ್ಲ, ಎಷ್ಟು ಬೇಕಾದ್ರೂ ತೆಗೀಬಹುದು.

ಆದರೆ ಇಲ್ಲೇ ಒಂದು ತೊಂದರೆ. ಫೋನಿನ ಮುಖ್ಯ ಲೆನ್ಸ್ ಹಳೇ ಯಾಶಿಕಾಗಿಂತಲೂ ಅಗಲ. ನೂರು ಅಡಿಯಲ್ಲಿ ಅದು ಸುಮಾರು 150 ಅಡಿ ದೃಶ್ಯ ಹಿಡಿಯುತ್ತೆ. ಹಾಗಾಗಿ ಫೋನ್ ಹಿಡಿದವರು ಏನ್ ಮಾಡ್ತಾರೆ? ಹತ್ತಿರ ಹೋಗ್ತಾರೆ. ಇನ್ನೂ ಹತ್ತಿರ. ಹಕ್ಕಿ ತಿರುಗಿ ನೋಡಲಿ ಅಂತ ಚಪ್ಪಾಳೆ ತಟ್ಟೋರೂ ಇದ್ದಾರೆ.

ತಾಯಿ ಹಕ್ಕಿ ಬೆದರಿ ಗೂಡು ಬಿಟ್ಟು ಎದ್ದರೆ, ಮೊಟ್ಟೆ ಮರಿ ಬಿಸಿಲಿಗೆ ಬೀಳುತ್ತವೆ. ಕಾಗೆ, ಹದ್ದು ಕಾಯ್ತಾ ಇರುತ್ತವೆ. ಗಾಬರಿಯಾದ ಮರಿ ಗೂಡಿನ ಅಂಚಿಗೆ ಬಂದು ಕೆಳಗೆ ಬೀಳಬಹುದು. ಬೆಳ್ಳೂರಿನ ಹಕ್ಕಿಗಳಿಗೆ ಊರಿನ ಜನ ಅಭ್ಯಾಸ ಆಗಿದ್ದಾರೆ, ನಿಜ. ದಿನಾ ನೋಡೋ ಅಜ್ಜಿ ಬೇರೆ, ಮರದ ಬುಡಕ್ಕೇ ಬಂದು ಫ್ಲ್ಯಾಶ್ ಹೊಡೆಯೋ ನಾವು ಬೇರೆ.

ಅದಕ್ಕೇ ಹೇಳೋದು, ಉದ್ದ ಲೆನ್ಸಿಗೆ ಕೊಡೋ ದುಡ್ಡು ಹಕ್ಕಿಯನ್ನು ದೊಡ್ಡದಾಗಿ ತೋರಿಸೋಕೆ ಮಾತ್ರ ಅಲ್ಲ. ದೂರದಲ್ಲೇ ನಿಲ್ಲೋಕೆ ಕೊಡೋ ದುಡ್ಡು ಅದು.

ಹಾಗಾದ್ರೆ ಏನು ತಗೋಬೇಕು?

ಮೊದಲು ನಿಮ್ಮ ದೂರ ಅಳೆಯಿರಿ. ನಮ್ಮ ಜಿಲ್ಲೆಯ ಮೂರು ಜಾಗ ಇಟ್ಕೊಂಡು ನೋಡೋಣ.

ಒಂದು, ಕೊಕ್ಕರೆ ಬೆಳ್ಳೂರು. ದೂರ ಸುಮಾರು ನೂರು ಅಡಿ ಅನ್ನಿ. ಸಾಮಾನ್ಯ ಡಿಎಸ್‌ಎಲ್‌ಆರ್ ಮೇಲೆ 55-250 ಎಂಎಂ ಲೆನ್ಸ್ ಹಾಕಿದರೆ, 250ರಲ್ಲಿ ಒಂಬತ್ತು ಅಡಿ ಅಗಲ ಸಿಗುತ್ತೆ. ಹೆಜ್ಜಾರ್ಲೆ ಅರ್ಧ ಫೋಟೊ ತುಂಬುತ್ತೆ. ಇಷ್ಟು ಸಾಕು.

ಎರಡು, ಮಳವಳ್ಳಿ ತಾಲ್ಲೂಕಿನ ಮುತ್ತತ್ತಿ. ಕಾವೇರಿ ವನ್ಯಜೀವಿಧಾಮದ ಅಂಚು. ನದಿಯ ಆಚೆ ದಡದ ಮರದಲ್ಲಿ ಮೀನುಗಿಡುಗ, ಬಂಡೆ ಮೇಲೆ ನೀರುನಾಯಿ ಅಥವಾ ಮೊಸಳೆ. ದೂರ ಮುನ್ನೂರು ಅಡಿ ಇದ್ದರೆ ಅದೇ 250 ಎಂಎಂನಲ್ಲಿ ಎರಡಡಿ ಚಿಲ್ಲರೆ ಉದ್ದದ ಗಿಡುಗ ಹನ್ನೆರಡರಲ್ಲಿ ಒಂದು ಪಾಲು. ಇಲ್ಲಿ ಪಿ900ನಂಥ ಸೂಪರ್‌ಜೂಮ್ ಗೆಲ್ಲುತ್ತೆ, ಫೋಟೊದ ಮೂರನೇ ಒಂದು ಪಾಲಿಗಿಂತ ದೊಡ್ಡದಾಗಿ ಗಿಡುಗ ಕಾಣುತ್ತೆ.

ಮೂರು, ನಿಮ್ಮ ಮನೆಯ ನಡುಮನೆ. ದೂರ ಎಂಟು ಅಡಿ, ಬೆಳಕು ಒಂದು ಕಿಟಕಿ ಅಥವಾ ಒಂದು ಟ್ಯೂಬ್‌ಲೈಟ್. ಇಲ್ಲಿ ಸೂಪರ್‌ಜೂಮ್ ಸೋಲುತ್ತೆ. ಅದರ ಸೆನ್ಸರ್ ಪುಟ್ಟದು, ಸಾಮಾನ್ಯ ಡಿಎಸ್‌ಎಲ್‌ಆರ್ ಸೆನ್ಸರ್ ಅದಕ್ಕಿಂತ ಹತ್ತು ಪಟ್ಟಿಗೂ ದೊಡ್ಡದು. ಕತ್ತಲಲ್ಲಿ ಓಡೋ ಮಗು ಮಸುಕು ಮಸುಕಾಗಿ ಬರುತ್ತೆ. ಉದ್ದ ಲೆನ್ಸೂ ಇಲ್ಲಿ ಉಪಯೋಗ ಇಲ್ಲ. 55 ಎಂಎಂನಲ್ಲಿ ಎಂಟು ಅಡಿಗೆ ಸಿಗೋದು ಮೂರಡಿ ಅಗಲ, ಅಜ್ಜಿ ಬಂದರೆ ತಾತ ಬರಲ್ಲ. 18 ಎಂಎಂನಲ್ಲಿ ಸುಮಾರು ಹತ್ತಡಿ ಸಿಗುತ್ತೆ, ಎಲ್ಲರೂ ಹಿಡಿಸ್ತಾರೆ.

ಇದರಿಂದ ಸಿಗೋ ಉತ್ತರ ಇಷ್ಟು. ಮನೆ ಫೋಟೊಗೆ ಸದ್ಯಕ್ಕೆ ನಿಮ್ಮ ಫೋನ್ ಸಾಕು, ಕಿಟಕಿ ಪಕ್ಕ ಕೂರಿಸಿ ತೆಗೀರಿ. ಎರಡಕ್ಕೂ ಒಂದೇ ಕ್ಯಾಮೆರಾ ಬೇಕು ಅಂದ್ರೆ ಲೆನ್ಸ್ ಬದಲಾಯಿಸಬಹುದಾದ ಕ್ಯಾಮೆರಾ, ಜೊತೆಗೆ ಎರಡು ಲೆನ್ಸ್: ಮನೆಗೆ 18-55, ಹಕ್ಕಿಗೆ 55-250 ಅಥವಾ 70-300. ಹೊಸದಾದ್ರೆ ಕ್ಯಾನನ್ ಆರ್50ನಂಥ ಮಿರರ್‌ಲೆಸ್. ಬಜೆಟ್ ಕಮ್ಮಿ ಇದ್ರೆ ಕ್ಯಾನನ್ 1500ಡಿ ಥರದ ಸೆಕೆಂಡ್ ಹ್ಯಾಂಡ್ ಡಿಎಸ್‌ಎಲ್‌ಆರ್. ಮುಂದೆ ದುಡ್ಡಾದಾಗ 50 ಎಂಎಂ ಎಫ್ 1.8 ಲೆನ್ಸ್ ಸೇರಿಸಿ. ಉದ್ದ ಲೆನ್ಸಿನ ಎಫ್ 5.6ಕ್ಕೆ ಹೋಲಿಸಿದರೆ ಅದು ಹೆಚ್ಚುಕಮ್ಮಿ ಹತ್ತು ಪಟ್ಟು ಬೆಳಕು ಒಳಗೆ ಬಿಡುತ್ತೆ. ನದಿ, ಕಾಡು ಮಾತ್ರ ನಿಮ್ಮ ಆಸೆ, ಹಗಲು ಬೆಳಕಲ್ಲಷ್ಟೇ ತೆಗೀತೀವಿ ಅಂದ್ರೆ ಸೂಪರ್‌ಜೂಮ್ ಒಂದೇ ಸಾಕು.

ಸೆಕೆಂಡ್ ಹ್ಯಾಂಡ್ ತಗೊಳ್ಳೋವಾಗ ಲೆನ್ಸನ್ನು ಬೆಳಕಿಗೆ ಹಿಡಿದು ನೋಡಿ. ಒಳಗೆ ಜೇಡರಬಲೆ ಥರ ಎಳೆ ಕಂಡರೆ ಅದು ಫಂಗಸ್, ಬೇಡ. ಶಟರ್ ಎಷ್ಟು ಸಲ ಓಡಿದೆ ಅಂತ ಕೇಳಿ. ಮತ್ತೊಂದು ಮಾತು, ಇಎಂಐ ಮೇಲೆ ದೊಡ್ಡ ಕ್ಯಾಮೆರಾ ತಗೊಂಡು, ಬೆಳ್ಳೂರಿಗೆ ಹೋಗೋಕೆ ಬಸ್ ಚಾರ್ಜಿಗೂ ಯೋಚನೆ ಮಾಡೋ ಹಾಗಾದರೆ ಆ ಕ್ಯಾಮೆರಾದಿಂದ ಏನೂ ಪ್ರಯೋಜನ ಇಲ್ಲ.

ಫೋಟೊದ ಹಿಂಬದಿ

2017ರ ಕೊನೆ, 2018ರ ಶುರುವಿನಲ್ಲಿ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳು ಒಂದಾದ ಮೇಲೊಂದು ಸತ್ತು ಬಿದ್ದವು. ಹೊಟ್ಟೆಯಲ್ಲಿ ಜಂತುಹುಳು ಸಿಕ್ಕವು, ತಿನ್ನೋ ಮೀನಿನಿಂದ ಬಂದಿದ್ದು ಅಂತ ಹೇಳಿದರು. ಇಂಥ ಹೊತ್ತಲ್ಲಿ ಎಲ್ಲರೂ ಕೇಳೋದು ಒಂದೇ: ಮೊದಲು ಎಷ್ಟಿದ್ದವು, ಯಾವ ಮರದಲ್ಲಿ ಎಷ್ಟು ಗೂಡಿತ್ತು?

ಆ ಲೆಕ್ಕಕ್ಕೆ ಪ್ರಶಸ್ತಿ ಬಂದ ಫೋಟೊನೇ ಬೇಕಿಲ್ಲ. ತಾರೀಖು ಇರುವ, ಇಡೀ ಮರ ಕಾಣುವ ಸಾದಾ ಫೋಟೊ ಸಾಕು. ಹಾಗೆ ನೋಡಿದ್ರೆ ಹಳೇ ಕ್ಲಿಕ್ 3ರ ದೌರ್ಬಲ್ಯವೇ ಇವತ್ತು ಅದರ ಬಲ. ಅಗಲವಾದ ಲೆನ್ಸ್ ಆದ್ದರಿಂದ ಮುಂದೆ ನಿಂತ ಮದುಮಗಳ ಜೊತೆ ಹಿಂದಿನ ಮರ, ಕೆರೆ, ಹೆಂಚಿನ ಮನೆ ಎಲ್ಲವನ್ನೂ ಅದು ಹಿಡಿದಿಟ್ಟಿದೆ. ಆಗ ಯಾರೂ ಬೇಕು ಅಂತ ತೆಗೆದದ್ದಲ್ಲ. ಈಗ ಆ ಮರ ಇಲ್ಲದಿದ್ದರೆ, ಅದು ಹೇಗಿತ್ತು ಅಂತ ಹೇಳೋಕೆ ಆ ಫೋಟೊ ಒಂದೇ ಸಾಕ್ಷಿ ಆಗಿರಬಹುದು.

ಹಾಗಾಗಿ ಹೊಸ ಕ್ಯಾಮೆರಾ ಆರ್ಡರ್ ಮಾಡೋಕೆ ಮುಂಚೆ ಮನೆಯ ಹಳೇ ಆಲ್ಬಂ ತೆಗೀರಿ. ಅಜ್ಜಿ, ತಾತನ್ನ ಪಕ್ಕದಲ್ಲಿ ಕೂರಿಸ್ಕೊಂಡು ಪ್ರತಿ ಫೋಟೊದ ಹಿಂಬದಿ ಯಾವ ಊರು, ಯಾವ ವರ್ಷ, ಹಿಂದೆ ಕಾಣೋ ಮರ ಯಾವುದು ಅಂತ ಕೇಳಿ. ಪೆನ್ಸಿಲ್‌ನಲ್ಲಿ ಮೆಲ್ಲಗೆ ಬರೆದಿಡಿ. ಹೊಸ ಕ್ಯಾಮೆರಾದಲ್ಲಿ ತಾರೀಖು ಸರಿಯಾಗಿ ಸೆಟ್ ಮಾಡಿ, ಫೋಟೊಗಳನ್ನು ಎರಡು ಕಡೆ ಕಾಪಿ ಇಡಿ.

ಮತ್ತೆ ಬೆಳ್ಳೂರಿಗೆ ಹೋದಾಗ, ಕ್ಲೋಸಪ್ ಎಲ್ಲ ಆದ ಮೇಲೆ, ನಾಲ್ಕು ಹೆಜ್ಜೆ ಹಿಂದೆ ಬಂದು ಇಡೀ ಮರದ್ದೊಂದು ಫೋಟೊ ತೆಗೀರಿ. ಕೆಳಗಿನ ಮನೆಯೂ ಬರಲಿ. ಮನೆಯವರನ್ನ ಕೇಳಿ, ಅವರು ಒಪ್ಪಿದರೆ ಅವರೂ ಬರಲಿ.