ರಾಜಮಹಲ್ ವಿಲಾಸ ಬಡಾವಣೆಯ ಉದ್ಯಾನವ್ಯಾಜ್ಯ

ಪಟ್ಟಣವು ವಿಸ್ತರಿಸುವಾಗ ಯಾವ ಭೂಮಿ ಯಾವ ಪ್ರಯೋಜನಕ್ಕೆಂಬುದನ್ನು ಮೊದಲೇ ನಿಶ್ಚಯಿಸಿ ನಕ್ಷೆಯಲ್ಲಿ ಗುರುತಿಸಿಡುವುದು ಆಧುನಿಕ ನಗರನಿರ್ಮಾಣದ ಕ್ರಮವಷ್ಟೆ. ಮನೆಗಿಷ್ಟು, ಅಂಗಡಿಗಿಷ್ಟು, ಉದ್ಯಾನಕ್ಕಿಷ್ಟು ಎಂಬ ಆ ವಿಭಾಗವನ್ನು ನಂಬಿ ಜನರು ನಿವೇಶನಗಳನ್ನು ಕೊಳ್ಳುತ್ತಾರೆ. ಮನೆ ಕಟ್ಟಿ ಮಕ್ಕಳುಮರಿಗಳೊಡನೆ ನೆಲಸುತ್ತಾರೆ. ಹೀಗೆ ನೆಲಸಿದ ಮೇಲೆ ಆ ನಕ್ಷೆಯನ್ನು ತಿದ್ದುವ ಅಧಿಕಾರವು ಯಾರದು? ತಿದ್ದುವಾಗ ಅಲ್ಲಿಯ ನಿವಾಸಿಗಳ ಮಾತಿಗೆ ಬೆಲೆಯುಂಟೆ? ಈ ಪ್ರಶ್ನೆಗಳು ಬೆಂಗಳೂರಿನ ಒಂದು ಬಡಾವಣೆಯಲ್ಲಿ ಹುಟ್ಟಿ ದೇಶದ ಸರ್ವೋಚ್ಚ ನ್ಯಾಯಾಲಯದವರೆಗೆ ಹೋದ ವೃತ್ತಾಂತವು ಸ್ಮರಣೀಯವಾದುದು.

ಬೆಂಗಳೂರಿನ ಉತ್ತರಭಾಗದಲ್ಲಿ ಕರ್ನಲ್ ಸ್ಯಾಂಕಿ ಎಂಬ ಇಂಜಿನಿಯರನು 1882ರಲ್ಲಿ ಕಟ್ಟಿಸಿದ ಕೆರೆಯೊಂದಿದೆ. ಅದರ ಪಾರ್ಶ್ವದಲ್ಲಿ ರಾಜಮಹಲ್ ವಿಲಾಸವೆಂಬ ಬಡಾವಣೆಯು ಬೆಳೆಯಿತು. ಅಲ್ಲಿಯ ಸದಾಶಿವನಗರವು, ತನ್ನ ಸರ್ವಸ್ವವನ್ನೂ ದೇಶಕಾರ್ಯಕ್ಕೆ ವ್ಯಯಿಸಿ 1937ರಲ್ಲಿ ಬಡವನಾಗಿಯೇ ತೀರಿಕೊಂಡ ಮಂಗಳೂರಿನ ಕಾರ್ನಾಡು ಸದಾಶಿವರಾಯರ ಹೆಸರನ್ನು ಹೊತ್ತಿದೆ. ಬಡಾವಣೆಯನ್ನು ರಚಿಸಿದಾಗ, ವಿಧಿವತ್ತಾಗಿ ಪ್ರಕಟವಾದ ಯೋಜನೆಯಲ್ಲಿ ಒಂದು ತೆರವಾದ ಸ್ಥಳವನ್ನು ಸಾರ್ವಜನಿಕ ಉದ್ಯಾನಕ್ಕೆಂದು ಮೀಸಲಿಡಲಾಗಿತ್ತು.

1945ರ ಕಾನೂನಿನಂತೆ ನಗರವನ್ನು ವಿಸ್ತರಿಸುತ್ತಿದ್ದ ಟ್ರಸ್ಟ್ ಬೋರ್ಡಿನ ಸ್ಥಾನಕ್ಕೆ 1976ರಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರವು ಬಂದಿತು. ಅದೇ ವರ್ಷ ಬೆಂಗಳೂರು ಮೆಡಿಕಲ್ ಟ್ರಸ್ಟ್ ಎಂಬ ಖಾಸಗಿ ಸಂಸ್ಥೆಯು ಆಸ್ಪತ್ರೆಯನ್ನು ಕಟ್ಟಲು ಆ ಸ್ಥಳವನ್ನು ಬೇಡಿತು. ಮುಖ್ಯಮಂತ್ರಿಗಳ ಅಪ್ಪಣೆಯಾಯಿತು, ಮೇ ಮತ್ತು ಜೂನ್ ತಿಂಗಳುಗಳಲ್ಲಿ ಸರಕಾರದ ಆಜ್ಞೆಗಳು ಹೊರಟವು. ಉದ್ಯಾನದ ಭೂಮಿಯು ಕಾಗದದ ಮೇಲೆ ‘ನಾಗರಿಕ ಸೌಕರ್ಯದ ನಿವೇಶನ’ವಾಯಿತು. ಜುಲೈ ತಿಂಗಳಲ್ಲಿ ಪ್ರಾಧಿಕಾರವು ಠರಾವು ಮಾಡಿ ಅದನ್ನು ಟ್ರಸ್ಟಿಗೆ ಮಂಜೂರು ಮಾಡಿತು. ಯಾರ ನೆರಳಿಗಾಗಿ ಆ ಭೂಮಿಯನ್ನು ಬಿಟ್ಟಿದ್ದರೋ ಅವರನ್ನು ಮಾತ್ರ ಯಾರೂ ಕೇಳಲಿಲ್ಲ.

ಆಸ್ಪತ್ರೆಯು ಸತ್ಕಾರ್ಯವಲ್ಲವೆಂದು ಯಾರೂ ಹೇಳಲಾರರು. ಆರೋಗ್ಯದಾನವನ್ನು ಪುರಾಣಗಳೂ ಹೊಗಳಿವೆ. ಆದರೆ ಕೆರೆ, ಬಾವಿ, ದೇವಾಲಯ, ಅನ್ನದಾನಗಳ ಸಾಲಿನಲ್ಲಿಯೇ ಆರಾಮವನ್ನೂ, ಎಂದರೆ ಉದ್ಯಾನವನ್ನೂ, ಧರ್ಮಶಾಸ್ತ್ರಕಾರರು ಪೂರ್ತಧರ್ಮವೆಂದು ಎಣಿಸಿದ್ದಾರೆ. ಅಂತಹುದನ್ನು ಉತ್ಸರ್ಗವಿಧಿಯಿಂದ ಸಕಲ ಪ್ರಾಣಿಗಳಿಗೂ ಬಿಟ್ಟುಕೊಟ್ಟ ಬಳಿಕ ಕೊಟ್ಟವನಿಗೂ ಅದರಲ್ಲಿ ಸ್ವಾಮ್ಯವುಳಿಯದು. ಒಂದು ಧರ್ಮವನ್ನು ನಡೆಸಲು ಮತ್ತೊಂದು ಧರ್ಮದ ಸೊತ್ತನ್ನು ತೆಗೆದುಕೊಳ್ಳಬಹುದೆ ಎಂಬುದೇ ಇಲ್ಲಿಯ ತೊಡಕು.

ನಿವಾಸಿಗಳು ಉಚ್ಚ ನ್ಯಾಯಾಲಯದ ಮೊರೆಹೊಕ್ಕರು. ಆಸ್ಪತ್ರೆಯೂ ನಾಗರಿಕ ಸೌಕರ್ಯವೇ ಆದುದರಿಂದ ದೋಷವಿಲ್ಲವೆಂದು ಏಕಸದಸ್ಯ ಪೀಠವು ಅವರ ಅರ್ಜಿಯನ್ನು ತಳ್ಳಿಹಾಕಿತು. ಅವರು ಎದೆಗುಂದದೆ ಮೇಲ್ಮನವಿ ಮಾಡಲು, ವಿಭಾಗೀಯ ಪೀಠವು ಮಂಜೂರಾತಿಯನ್ನು ರದ್ದುಪಡಿಸಿತು. ಆಗ ಟ್ರಸ್ಟು ದೆಹಲಿಗೆ ಹೋಯಿತು. 1991ನೆಯ ಜುಲೈ 19ರಂದು ನ್ಯಾಯಮೂರ್ತಿಗಳಾದ ತೊಮ್ಮೆನ್ ಮತ್ತು ಸಹಾಯ್ ಅವರು ನಿವಾಸಿಗಳ ಪರವಾಗಿಯೇ ತೀರ್ಪಿತ್ತರು. ಆಜ್ಞೆ ಹೊರಟು ಅಷ್ಟರಲ್ಲಿ ಹದಿನೈದು ವರ್ಷಗಳು ಕಳೆದಿದ್ದವು.

ತೀರ್ಪಿನ ಸಾರವು ಮೂರು ಬಗೆಯದು. ಮೊದಲನೆಯದಾಗಿ, ಯೋಜನೆಯನ್ನು ಮಾರ್ಪಡಿಸುವ ಅಧಿಕಾರವನ್ನು ಶಾಸನವು ಪ್ರಾಧಿಕಾರಕ್ಕೆ ಕೊಟ್ಟಿದೆ. ಅದೂ ಯೋಜನೆಯನ್ನು ಉತ್ತಮಪಡಿಸುವುದಕ್ಕಾಗಿ, ವಿಧಿಪೂರ್ವಕವಾಗಿ. ಸರಕಾರವು ನಿರ್ದೇಶನ ಕೊಡಬಹುದಾದರೂ ಆ ನಿರ್ದೇಶನವು ಶಾಸನದ ಉದ್ದೇಶವನ್ನು ನೆರವೇರಿಸಲು ಹೊರತು ಮುರಿಯಲಲ್ಲ. ಎಷ್ಟೇ ಉನ್ನತಪದವಿಯಲ್ಲಿರುವವರಾದರೂ ತಮಗಿಲ್ಲದ ಅಧಿಕಾರವನ್ನು ನಡೆಸಲಾರರು. ಎರಡನೆಯದಾಗಿ, ಉದ್ಯಾನಕ್ಕೂ ಆಸ್ಪತ್ರೆಗೂ ಆರೋಗ್ಯವೇ ಫಲವೆಂದರೂ ಒಂದರ ಸ್ಥಾನವನ್ನು ಇನ್ನೊಂದು ತುಂಬಲಾರದು. ಖಾಸಗಿ ಶುಶ್ರೂಷಾಲಯದಲ್ಲಿ ಸೇವೆಯೊಡನೆ ಲಾಭದ ದೃಷ್ಟಿಯೂ ಸೇರಿರುತ್ತದೆ. ಮೂರನೆಯದಾಗಿ, ಉದ್ಯಾನವು ಒಬ್ಬನ ಸೊತ್ತಲ್ಲದಿದ್ದರೂ ಅದು ಅಳಿದಾಗ ನೆರೆಹೊರೆಯವರೆಲ್ಲರಿಗೂ ಹಾನಿಯಾಗುವುದರಿಂದ, ಅವರಲ್ಲಿ ಯಾರಾದರೂ ನ್ಯಾಯಾಲಯದ ಬಾಗಿಲನ್ನು ತಟ್ಟಬಹುದು.

ಸ್ಥಿತಿವಂತರ ಬಡಾವಣೆಯಲ್ಲಿ ಹುಟ್ಟಿದ ಈ ವ್ಯಾಜ್ಯದಿಂದ ಬಡವರಿಗೇನು ಲಾಭವೆಂದು ಕೇಳುವವರುಂಟು. ಆಕ್ಷೇಪವು ನಿರಾಧಾರವಲ್ಲ, ಹದಿನೈದು ವರ್ಷ ಜಗ್ಗದೆ ನಿಲ್ಲುವ ಶಕ್ತಿ ಎಲ್ಲ ಕೇರಿಗಳಿಗೂ ಇರದು. ಆದರೆ ಒಮ್ಮೆ ಸ್ಥಾಪಿತವಾದ ನ್ಯಾಯವು ಕೇರಿಯನ್ನು ನೋಡಿ ಅನ್ವಯಿಸುವುದಿಲ್ಲ. ಮುಂದೆ ದೇಶದ ಎಷ್ಟೋ ಊರುಗಳಲ್ಲಿ ಉದ್ಯಾನ, ಆಟದ ಬಯಲುಗಳ ರಕ್ಷಣೆಗಾಗಿ ಹೋರಾಡಿದವರು ಈ ತೀರ್ಪನ್ನೇ ಆಧಾರವಾಗಿ ಹಿಡಿದರು. ಹಿತ್ತಲಿಲ್ಲದವನಿಗೆ ಸಾರ್ವಜನಿಕ ಉದ್ಯಾನವೇ ಹಿತ್ತಲು. ಅದು ಹೋದರೆ ಸ್ವಂತ ತೋಟವುಳ್ಳವನಿಗಿಂತ ಅವನಿಗೇ ನಷ್ಟ ಹೆಚ್ಚು.

ಆಳುವವರು ಕೆಟ್ಟ ಕಾರ್ಯವನ್ನು ಮಾಡಿದಾಗ ಎದುರಿಸುವುದು ಸುಲಭ. ಒಳ್ಳೆಯ ಕಾರ್ಯವನ್ನು ತಪ್ಪು ದಾರಿಯಲ್ಲಿ ಮಾಡಿದಾಗ ಎದುರಿಸುವುದು ಕಷ್ಟ. ರೋಗಿಗಳ ವಿರೋಧಿಗಳೆಂಬ ಅಪವಾದಕ್ಕೆ ಅಂಜಿ ನಿವಾಸಿಗಳು ಸುಮ್ಮನಿದ್ದಿದ್ದರೆ, ನಕ್ಷೆಯ ಮೇಲಿನ ಹಸಿರು ಗುರುತು ಅಧಿಕಾರಸ್ಥರ ಅನುಗ್ರಹವಿರುವವರೆಗೆ ಮಾತ್ರ ಬಾಳುವ ವಸ್ತುವಾಗುತ್ತಿತ್ತು. ಊರಿನ ನಕ್ಷೆಯು ಆಳುವವರು ಜನರಿಗೆ ಕೊಟ್ಟ ವಾಕ್ಕು. ಕೊಟ್ಟ ವಾಕ್ಕನ್ನು ಬದಲಾಯಿಸಬೇಕಾಗಿ ಬಂದರೆ, ಅದನ್ನು ಪಡೆದವರ ಎದುರಿನಲ್ಲಿಯೇ ಬದಲಾಯಿಸಬೇಕು.