‘ವಿಕೇಂದ್ರೀಕರಣ’: ಒಂದು ಶಬ್ದದ ಅರ್ಥವಿಚಾರ

ರಾಜ್ಯಶಾಸ್ತ್ರದ ಗ್ರಂಥಗಳಲ್ಲಿಯೂ ಶಾಸನಸಭೆಯ ಚರ್ಚೆಗಳಲ್ಲಿಯೂ ‘ವಿಕೇಂದ್ರೀಕರಣ’ ಎಂಬ ಶಬ್ದವು ಹೇರಳವಾಗಿ ಬಳಕೆಯಾಗುತ್ತಿದೆ. ಶಬ್ದವು ಒಂದೇ ಆದರೂ ಅದು ಸೂಚಿಸುವ ಕ್ರಿಯೆಗಳು ಒಂದೇ ಅಲ್ಲ. ಈ ಭೇದವನ್ನು ಇತಿಹಾಸದ ಬೆಳಕಿನಲ್ಲಿ ಪರಿಶೀಲಿಸುವುದು ನಮ್ಮ ಉದ್ದೇಶ.

‘ಕೇಂದ್ರ’ವು ಗ್ರೀಕ್ ಮೂಲದಿಂದ ಜ್ಯೋತಿಷದ ಮೂಲಕ ಸಂಸ್ಕೃತವನ್ನು ಸೇರಿದ ಶಬ್ದ. ‘ಕರಣ’ವೆಂದೊಡನೆ ಮಾಡುವವರಾರು ಎಂಬ ಪ್ರಶ್ನೆ ಏಳುತ್ತದೆ; ಆ ಕರ್ತೃ ಕೇಂದ್ರವೇ ಹೊರತು ಗ್ರಾಮವಲ್ಲ. ಗಾವುಂಡರ, ಮಹಾಜನರ ಆಡಳಿತವನ್ನು ಕೆಲವರು ವಿಕೇಂದ್ರೀಕರಣವೆಂದು ಬಣ್ಣಿಸುವುದುಂಟು. ಇದು ಸಡಿಲವಾದ ಪ್ರಯೋಗವೆಂದು ನಮ್ಮ ಮತ. ಒಮ್ಮೆ ಕೇಂದ್ರದಲ್ಲಿ ಕೂಡಿದ ಅಧಿಕಾರವನ್ನಲ್ಲವೆ ಅಲ್ಲಿಂದ ಹಂಚಬಹುದಾದುದು?

ಬ್ರಿಟಿಷರ ಕಾಲದಲ್ಲಿ ಅಧಿಕಾರವು ಹಾಗೆ ಕೂಡಿತು. 1870ರಲ್ಲಿ ಲಾರ್ಡ್ ಮೇಯೋ ಕೆಲವು ಇಲಾಖೆಗಳ ವೆಚ್ಚವನ್ನು ಪ್ರಾಂತಗಳಿಗೆ ವಹಿಸಿದುದು ಮುಖ್ಯವಾಗಿ ಬೊಕ್ಕಸದ ಭಾರವನ್ನು ಇಳಿಸಲು. 1882ರ ರಿಪ್ಪನ್ ನಿರ್ಣಯವು ಸ್ಥಳೀಯ ಸಂಸ್ಥೆಗಳನ್ನು ಜನತೆಯ ರಾಜಕೀಯ ಶಿಕ್ಷಣದ ಸಾಧನವೆಂದು ಭಾವಿಸಿತು. 1907ರಲ್ಲಿ ನೇಮಕವಾಗಿ 1909ರಲ್ಲಿ ವರದಿಯಿತ್ತ ರಾಯಲ್ ಆಯೋಗವಾದರೋ ಈ ಶಬ್ದವನ್ನು ತನ್ನ ಹೆಸರಿನಲ್ಲಿಯೇ ಧರಿಸಿತ್ತು. ಆದರೆ ಅದರ ವಿಚಾರಣೆಯ ಬಹುಭಾಗವು ಅಧಿಕಾರಿಯಿಂದ ಅಧಿಕಾರಿಗೆ ಕೆಲಸವನ್ನು ಹಂಚುವುದಕ್ಕೆ ಸಂಬಂಧಿಸಿದುದು.

ಅರ್ಥವನ್ನು ಸ್ಪಷ್ಟಪಡಿಸಿದುದು 1957ರ ಬಲವಂತರಾಯ್ ಮೆಹ್ತಾ ಸಮಿತಿ. ಕೆಲಸವನ್ನು ವಹಿಸಿಕೊಟ್ಟ ಸರ್ಕಾರವು ಅಂತಿಮ ಹೊಣೆಯನ್ನು ತನ್ನಲ್ಲಿಯೇ ಇರಿಸಿಕೊಳ್ಳುತ್ತದೆ. ವಿಕೇಂದ್ರೀಕರಿಸಿದ ಸರ್ಕಾರವು ಆ ಹೊಣೆಯನ್ನೇ ಪೂರ್ಣವಾಗಿ ಬಿಟ್ಟುಕೊಡುತ್ತದೆ ಎಂಬುದು ಅದರ ವಿವೇಚನೆಯ ಸಾರ. ವಹಿಸುವುದು ಬೇರೆ, ಬಿಡುವುದು ಬೇರೆ.

ಈ ಒರೆಗಲ್ಲಿಗೆ ನಮ್ಮ ನಾಡಿನ ಶಾಸನಗಳನ್ನು ಹಚ್ಚಿ ನೋಡಬಹುದು. 1959ರ ಮೈಸೂರು ಶಾಸನವು ಗ್ರಾಮ ಪಂಚಾಯಿತಿಯನ್ನೂ ತಾಲ್ಲೂಕು ಬೋರ್ಡನ್ನೂ ರಚಿಸಿತಾದರೂ ಜಿಲ್ಲೆಯಲ್ಲಿ ಕೇವಲ ಸಲಹೆ ನೀಡುವ ಪರಿಷತ್ತಿಗೆ ತೃಪ್ತವಾಯಿತು. 1983ರ ಶಾಸನವು ಇದಕ್ಕಿಂತ ಬಹುದೂರ ನಡೆಯಿತು. ಅಬ್ದುಲ್ ನಜೀರ್ ಸಾಬರ ಶ್ರಮದಿಂದ ರೂಪುಗೊಂಡ ಈ ವ್ಯವಸ್ಥೆಯಲ್ಲಿ ಜಿಲ್ಲಾ ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯಸಚಿವರ ಸ್ಥಾನಮಾನವಿತ್ತು. ಜಿಲ್ಲಾಧಿಕಾರಿಗಿಂತ ಹಿರಿಯರಾದ ಅಧಿಕಾರಿಯೊಬ್ಬರು ಪರಿಷತ್ತಿನ ಮುಖ್ಯ ಕಾರ್ಯದರ್ಶಿಯಾಗಿರುತ್ತಿದ್ದರು. 1987ರಲ್ಲಿ ಚುನಾವಣೆಗಳು ನಡೆದವು. 1992ರಲ್ಲಿ ಅವಧಿ ಮುಗಿಯಲು, ಹೊಸ ಚುನಾವಣೆಯ ಬದಲು ಆಡಳಿತಾಧಿಕಾರಿಗಳು ಬಂದರು. ಬಿಟ್ಟುಕೊಟ್ಟುದೆಂದು ಜನರು ಬಗೆದುದು ವಹಿಸಿಕೊಟ್ಟುದು ಮಾತ್ರವಾಗಿತ್ತು!

1993ರಲ್ಲಿ ಜಾರಿಗೆ ಬಂದ ಸಂವಿಧಾನದ 73ನೆಯ ತಿದ್ದುಪಡಿಯು ಐದು ವರ್ಷಗಳ ಅವಧಿಯನ್ನೂ ಚುನಾವಣೆಯನ್ನೂ ಕಡ್ಡಾಯಗೊಳಿಸಿತು. ಆದರೆ 29 ವಿಷಯಗಳ ಅನುಸೂಚಿಗೆ ಸಂಬಂಧಿಸಿದ 243ಜಿ ವಿಧಿಯ ಕ್ರಿಯಾಪದವನ್ನು ವಿದ್ಯಾರ್ಥಿಗಳು ಗಮನಿಸತಕ್ಕದ್ದು: ರಾಜ್ಯದ ವಿಧಾನಮಂಡಲವು ಅಧಿಕಾರವನ್ನು ಕೊಡ‘ಬಹುದು’ ಎಂದಿದೆ, ಕೊಡ‘ತಕ್ಕದ್ದು’ ಎಂದಿಲ್ಲ. ಕಡ್ಡಾಯವೆಂದ ಮಾತಿನ ಗತಿಯೂ ಸುಗಮವಾಗಿಲ್ಲ. ಕರ್ನಾಟಕದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಅವಧಿಯು 2021ರಲ್ಲಿ ಮುಗಿದ ಮೇಲೆ, ಮೂರು ವರ್ಷ ಕಳೆದರೂ ಅವುಗಳಿಗೆ ಚುನಾವಣೆ ನಡೆದಿರಲಿಲ್ಲ.